ರಾತ್ರಿ ಎರಡು ಗಂಟೇಕ್ಕ ಯಾರು ಏಳ್ತಾರ?

ಹೋದ ವಾರ ಕಟ್ಟೀ ಮ್ಯಾಲೆ ಕೂತು ಅವರೀಕಾಯಿ ಸುಲೀಲಿಕತ್ತಿದ್ದೆ. ಬಾಜೂಮನಿ ವೈನಿ ಬಂದ್ರು. ಅತ್ಲಾಗ ಇತ್ಲಾಗ ನೋಡಿದ್ರು, ಒಳಗ ನಮ್ಮ ಮನಿಯವ್ರು ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ರು. ಆಮ್ಯಾಲೆ ಬುಟ್ಟಿ ಮುಂದ ಕೂತು, ಕಿವ್ಯಾಗ ಹೇಳಿದಂಗ ಸಣ್ಣಕ ಕೇಳಿದ್ರು: “ನಿಮ್ಮ ಮೌಶೀನ್ನ ಇಟ್ಟೀರಲ್ರಿ, ಆ ಮನಿ ಛಲೋ ಅದ ಏನ್ರಿ? ನಮ್ಮ ಅತ್ತಿಯವ್ರ ಸಲುವಾಗಿ ಅಲ್ಲ ಮತ್ತ. ಸುಮ್ನ ಕೇಳಿದೆ.”

ಇಂಥಾ ಮಾತು ಯಾರೂ ಸುಮ್ನ ಕೇಳಂಗಿಲ್ಲ. ಎರಡು ವರ್ಷದ ಹಿಂದ ನಾನೂ ಹಿಂಗ ಸಣ್ಣಕ ಕೇಳಿದ್ದೆ. ಸಣ್ಣಕ ಕೇಳಿದ್ದಕ್ಕ ಅರ್ಧಾ ಉತ್ತರ ಸಿಕ್ತು, ಅರ್ಧಾ ಉತ್ತರ ನಂಬಿ ತಪ್ಪು ಮನಿ ಆರಿಸಿದೆ. ಮಗಳಿಗೆ ವರಾ ನೋಡೂ ಮುಂದ ಹತ್ತು ಮಂದೀನ್ನ ಕೇಳ್ತೀವಿ, ಮೂರು ತಲಿಮಾರು ಕೆದರ್ತೀವಿ. ಬಂಗಾರ ತಗೊಳ್ಳೂ ಮುಂದ ನಾಕು ಅಂಗಡಿ ಹತ್ತಿ ಇಳೀತೀವಿ. ಮನ್ಯಾಗಿನ ಹಿರೇರನ್ನ ಯಾರ ಕೈಯಾಗರೆ ಕೊಡೂ ಮುಂದ ಮಾತ್ರ ನಾಚಿಕಿ ಬಂದು, ಕತ್ತಲದಾಗ ಕಾಯಿಪಲ್ಯ ಆರಿಸಿದಂಗ ಆರಸ್ತೀವಿ. ಅದಕ್ಕ ಈ ಮಾತು ಗಟ್ಟಿಯಾಗೇ ಬರೀಲಿಕತ್ತೇನಿ.

ನಮ್ಮ ಮೌಶಿ ಅಂದ್ರ ನಮ್ಮವ್ವನ ತಂಗಿ. ಗದಗಿನ ಕಡೆ ಒಂದು ಹಳ್ಳಿ ಕನ್ನಡ ಸಾಲ್ಯಾಗ 32 ವರ್ಷ ಅಕ್ಕೋರಾಗಿದ್ಳು. ಗಂಡ ಲಗೂನ ಹೋದ್ರು, ಮಕ್ಕಳಿಲ್ಲ. ನಮ್ಮವ್ವ ಹೋದಮ್ಯಾಲೆ ಅಣ್ಣ, ಅಕ್ಕ, ನಾನು ಮೂರೂ ಮಂದಿ ಆಕೀ ಕೈಯಾಗ ಬೆಳದವರು. ನನ್ನ ಜಡಿ ಹೆಣದಾಕಿ ಆಕಿ, ಮಗ್ಗಿ ಬಾಯಿಪಾಠ ಮಾಡಿಸಿದಾಕಿ ಆಕಿ, ನನ್ನ ಬಾಣಂತನ ಮಾಡಿದಾಕೀನೂ ಆಕಿ. ಹಿಂಗಾಗಿ ಆಕಿ ಬಿದ್ದಾಗ ಯಾರ ಮನಿಗೆ ಕರಕೊಂಡು ಹೋಗಬೇಕು ಅನ್ನೋ ಪ್ರಶ್ನೆನ ಬರಲಿಲ್ಲ. ಧಾರವಾಡಕ್ಕ ನಮ್ಮ ಮನಿಗೇ ಬಂದ್ಳು.

ಬಿದ್ದದ್ದು ದೀಪಾವಳಿ ನೀರು ತುಂಬೂ ದಿವ್ಸ, ಬಚ್ಚಲದಾಗ. ತೊಡಿ ಕೀಲು ಮುರೀತು. ಆಪರೇಶನ್ ಆತು, ಎಲುಬು ಕೂಡ್ತು. ಆದ್ರ ಮದ್ಲ ಚೂರು ಚೂರು ಇದ್ದ ಮರೆವು ಆಮ್ಯಾಲೆ ಭಾಳ ಆತು. ಡಿಮ್ಹಾನ್ಸಿಗೆ ಕರಕೊಂಡು ಹೋಗಿ ತೋರಿಸಿದಿವಿ. ಡಾಕ್ಟರು ಸಮಾಧಾನದಿಂದ ಹೇಳಿದ್ರು, ಇದು ಬರೇ ವಯಸ್ಸಿನ ಮರೆವಲ್ಲ, ಡಿಮೆನ್ಷಿಯಾ. ಗುಳಿಗಿಂದ ಪೂರ್ತಿ ವಾಸಿ ಆಗೂದಲ್ಲ, ನೋಡ್ಕೊಳ್ಳೂದ ಇದರ ದೊಡ್ಡ ಔಷಧ ಅಂತ.

14 ತಿಂಗಳು ನೋಡ್ಕೊಂಡೆ. ಹಗಲು ಹೆಂಗರೆ ಹೋಗ್ತಿತ್ತು, ಒಬ್ಬಾಕಿ ಹುಡುಗಿ ಬರ್ತಿದ್ಳು, ಸಂಜಿ ಆರಕ್ಕ ಹೋಗ್ತಿದ್ಳು. ರಾತ್ರಿ ನನ್ನ ಪಾಲಿಗೆ. ಎರಡು ಗಂಟೇಕ್ಕ ಎದ್ದು ಕೂಡ್ತಿದ್ಳು. “ಗಂಟಿ ಹೊಡೀತು, ಹುಡುಗ್ರು ಬಂದಿರ್ತಾವ, ಸಾಲಿಗೆ ಹೋಗಬೇಕು” ಅಂತ ಬಾಗಲಾ ತಗೀಲಿಕ್ಕೆ ಹೋಗ್ತಿದ್ಳು. ಮೂರಕ್ಕ ಮತ್ತ ಚಾದರ ಒದ್ದಿ. ನಾಕಕ್ಕ ಮತ್ತ ಸಾಲಿ. ಬಾಜೂ ಖೋಲ್ಯಾಗ 79 ವರ್ಷದ ನಮ್ಮತ್ತಿಯವ್ರು, ಈಚೀಕಡೆ ಹನ್ನೆರಡನೇತ್ತೆ ಪರೀಕ್ಷಾಕ್ಕ ಓದೂ ಮಗ. ನನ್ನ ನಡಾ ಹಿಡಕೊಂಡು ಎರಡು ಸಲ ಹಾಸಗಿ ಹಿಡದೆ.

ಒಂದು ರಾತ್ರಿ ಬಾಗಲದ ಹತ್ರ ಆಕೀನ್ನ ಹೊಳ್ಳಿ ಎಳಕೊಂಡು ಬಂದೆ. ಒದರಿದೆ. ಏನಂತ ಒದರಿದೆ ಅನ್ನೋದು ಇಲ್ಲೆ ಬರಿಯೂದು ಬ್ಯಾಡ. ಮರುದಿವ್ಸ ಮುಂಜಾನೆ ಎರಕೊಳ್ಳಿಕ್ಕೆ ಕೂಡಿಸಿದಾಗ ನೋಡಿದ್ರ ಆಕೀ ರಟ್ಟಿ ಮ್ಯಾಲೆ ನನ್ನ ನಾಕು ಬೆರಳಿನ ಗುರುತು ನೀಲಿಗಟ್ಟಿತ್ತು. ಆಕಿಗೆ ನೆನಪಿಲ್ಲ. “ಎಲ್ಲೆ ತಾಕಿಸ್ಕೊಂಡ್ನೋ ಏನೋ” ಅಂತ ನಕ್ಕಳು. ನಾ ಬಚ್ಚಲದಾಗ ನಳಾ ಬಿಟ್ಟು ಅತ್ತೆ.

“ಮನ್ಯಾಗ ಇಟ್ಕೊಂಡ್ರ ಪ್ರೀತಿ, ಹೊರಗ ಇಟ್ಟ್ರ ನಿರ್ದಯ” ಅನ್ನೋ ಮಂದಿಗೆ ನಾ ಆ ರಟ್ಟಿ ತೋರಸಬೇಕು ಅನಸ್ತದ. ಮನಿ ಅಂದಕೂಡ್ಲೆ ಸುರಕ್ಷಿತ ಅಲ್ಲ. ನಿದ್ದಿ ಇಲ್ಲದ ಒಬ್ಬಾಕಿ ಕೈಯಾಗ ಸಿಕ್ಕ ಮುದಕಿ ಯಾವ ಮನ್ಯಾಗಿದ್ರೂ ಅಪಾಯದಾಗ ಇರ್ತಾಳ.

ಅಣ್ಣಗ ಪುಣೇಕ ಫೋನ್ ಹಚ್ಚಿ ಹೇಳಿದೆ. “ವೃದ್ಧಾಶ್ರಮ? ನಾವು ಮೂರು ಮಂದಿ ಇದ್ದೂ? ಮಂದಿ ಏನಂದಾರು!” ಅಂದ. “ಅಣ್ಣಾ, ತಿಂಗಳದಾಗ ಹತ್ತು ರಾತ್ರಿ ನೀ ತಗೋತಿ ಏನು?” ಅಂತ ಕೇಳಿದೆ. ಸುಮ್ಮನಾದ. ಕೆಟ್ಟಾಂವಲ್ಲ ನಮ್ಮಣ್ಣ, ಮೌಶಿ ಅಂದ್ರ ಜೀವಾ ಬಿಡ್ತಾನ. ಆದ್ರ ಆಂವಗ ರಾತ್ರಿ ಅನ್ನೋದು ಲೆಕ್ಕಕ್ಕ ಬಂದಿರಲಿಲ್ಲ. ಯಾರ ಮನ್ಯಾಗೂ ಗಂಡಸರಿಗೆ ಬಂದಿರಂಗಿಲ್ಲ. ಎರಡು ದಿವ್ಸ ಬಿಟ್ಟು ಆಂವನ ಫೋನ್ ಮಾಡಿ, ಪುಣೇದಾಗ ಭಾರಿ ದೊಡ್ಡದೊಂದು ಅದ, ಬಾಗ ಅದ, ಲಿಫ್ಟ್ ಅದ, ರೊಕ್ಕ ನಾ ಕೊಡ್ತೀನಿ ಅಂದ. ನಾ ಒಲ್ಲೆ ಅಂದೆ. ಅಲ್ಲೆ ಮಾತಾಡೂದು ಮರಾಠಿ, ಹಿಂದಿ. ಮರೆವಿನ ರೋಗ ಬಂದ ಎಷ್ಟೋ ಮಂದಿಗೆ ಆಮ್ಯಾಲೆ ಕಲ್ತ ಭಾಷಾ ಮದ್ಲ ಹೋಗ್ತಾವ, ಅವ್ವನ ಮಾತು ಹೆಚ್ಚು ದಿವ್ಸ ಉಳೀತದ. ನೀರು ಬೇಕು ಅಂದ್ರ ತಿಳೀಲಾರದ ಊರಾಗ ಎಷ್ಟು ದೊಡ್ಡ ಬಾಗ ಇದ್ರ ಏನು ಮಾಡೂದು?

ಹಿಂಗ ಅಕ್ಕ ನಾನು ಇಲ್ಲೇ ಹುಬ್ಬಳ್ಳಿ ಧಾರವಾಡದಾಗ ಹುಡುಕಿದಿವಿ. ಹುಡುಕಿದಿವಿ ಅನ್ನೋದು ಸುಳ್ಳು. ಅಕ್ಕನ ಗೆಳತಿ ಒಬ್ಬಾಕಿ ಸಣ್ಣಕ ಒಂದು ವಿಳಾಸ ಕೊಟ್ಲು, ಒಂದು ಐತವಾರ ಮುಂಜಾನೆ 11ಕ್ಕ ಹೋದಿವಿ, 12ಕ್ಕ ಹೂಂ ಅಂದಿವಿ. ಬಾಗಲದಾಗ ರಂಗೋಲಿ, ತುಳಸಿಕಟ್ಟಿ, ದೇವರ ಮುಂದ ದೀಪ. ಹನ್ನೊಂದು ಮಂದಿ ಹಿರೇರು. ನಡಸೂ ಹೆಣಮಗಳು ಬಾಯಿತುಂಬ “ಅಕ್ಕಾರ” ಅಂತಿದ್ಳು, ಅವಲಕ್ಕಿ ಚಹಾ ಕೊಟ್ಲು. ತಿಂಗಳಿಗೆ 12,000. ಸಣ್ಣ ಮನಿ, ಮನೀ ಹಂಗ ಅದ ಅಂತ ಖುಷಿ ಆತು. ಚಾದರ ನೋಡಿದಿವಿ, ಅಡಗಿ ನೋಡಿದಿವಿ. ರಾತ್ರಿ ಯಾರಿರ್ತಾರ ಅಂತ ಕೇಳಲಿಲ್ಲ. ಯಾವ ರಾತ್ರಿ ನನ್ನ ನಡಾ ಮುರೀತೋ ಆ ರಾತ್ರೀನ ಕೇಳೋದು ಮರತೆ ನೋಡ್ರಿ.

“ಮದ್ಲ ಹದಿನೈದು ದಿವ್ಸ ಬರಬ್ಯಾಡ್ರಿ ಅಕ್ಕಾರ, ಹೊಂದಿಕೊಳ್ಳಲಿ” ಅಂದ್ಳು. ಹೂಂ ಅಂದಿವಿ. ಖರೇ ಹೇಳಬೇಕಂದ್ರ ಮನಸ್ಸಿನ್ಯಾಗ ಹಗರ ಆತು. ಈಗ ಹೇಳ್ತೀನಿ, ಯಾವ ಮನಿಯವ್ರು ಹಿಂಗ ಬರಬ್ಯಾಡ್ರಿ ಅಂತಾರೋ ಅಲ್ಲಿಂದ ಚಪ್ಪಲಿ ಮೆಟ್ಟಿಕೊಂಡು ಹೊರಡ್ರಿ. ಹೊಸಾ ಜಾಗಾದಾಗ ಗಾಬರಿಯಾದ ಮುದಕಿಗೆ ಗುರುತಿನ ಮುಖ ಬೇಕಾಗೂದ ಆ ಹದಿನೈದು ದಿವ್ಸದಾಗ.

ಹದಿನಾರನೇ ದಿವ್ಸ ಹೋದ್ರ ಮೌಶಿ ನೈಟಿ ಹಾಕ್ಕೊಂಡು ಕೂತಿದ್ಳು. ಜನ್ಮದಾಗ ಸೀರಿ ಬಿಟ್ಟು ಬ್ಯಾರೆ ಉಟ್ಟಾಕಿ ಅಲ್ಲ. ಕೂದ್ಲಾ ಕಿವೀತನಕ ಕತ್ತರಿಸಿದ್ರು. “ತೊಳೀಲಿಕ್ಕೆ ಹಗರ ಆಗ್ತದ್ರಿ” ಅಂದ್ರು. ಕೇಳಿರಲಿಲ್ಲ, ಹೇಳಿರಲಿಲ್ಲ. ಮೌಶಿ ತಲಿ ಮ್ಯಾಲೆ ಕೈಯಾಡಿಸಿಕೋತ ನನ್ನನ್ನ ಕೇಳಿದ್ಳು, “ಸಾಲ್ಯಾಗ ಹೇನು ಬಂದಾವ ಏನು?”

ಅವತ್ತ ಕರಕೊಂಡು ಬರಬೇಕಾಗಿತ್ತು. ಬರಲಿಲ್ಲ. ನಾಕು ರಾತ್ರಿ ನಿದ್ದಿ ಮಾಡಿದ್ದೆ ನೋಡ್ರಿ, ಆ ನಿದ್ದಿ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಆಮ್ಯಾಲೆ ಹೋದಾಗೆಲ್ಲಾ ಮುಂಜಾನೆ 11ಕ್ಕೂ ಆಕಿ ತೂಕಡಸ್ತಿದ್ಳು. “ಈಗ ಉಂಡು ಮಲಗ್ಯಾಳ್ರಿ” ಅಂತಿದ್ರು, ನಂಬ್ತಿದ್ದಿವಿ. ಏಳನೇ ವಾರ ಅಕ್ಕ ತಾನ ಚಾದರ ಬದಲಿ ಮಾಡಲಿಕ್ಕೆ ಹೋದಾಗ ಸೊಂಟದ ಕೆಳಗ ಹುಣ್ಣು ಕಂಡ್ತು, ಎಂಟಾಣೆ ಅಗಲ. ಮಲಗಿದಲ್ಲೆ ಮಲಗಿ ಆಗೂ ಹುಣ್ಣು. ವಿಚಾರಿಸಿದಾಗ ತಿಳೀತು, ರಾತ್ರಿ ಆ ಮನ್ಯಾಗ ಇರೂದು ಒಬ್ಬಾಕಿ ಅಡಗಿ ಹುಡುಗಿ ಮಾತ್ರ. ಆಕೀನೂ ಮ್ಯಾಲಿನ ಖೋಲ್ಯಾಗ ಮಲಗ್ತಿದ್ಳು. ಯಾರೂ ಏಳಬಾರದು ಅಂತ ಎಂಟು ಗಂಟೇಕ್ಕ ಎಲ್ಲಾರಿಗೂ ನಿದ್ದಿ ಗುಳಿಗಿ.

ಅಕ್ಕ ಜಗಳಾಡಿದ್ಳು. ಆ ಹೆಣಮಗಳು ಸೆರಗು ಬಾಯಿಗೆ ಹಚ್ಚಿ ಅತ್ತಳು: “ನಾ ಒಬ್ಬಾಕಿ ಹನ್ನೊಂದು ಮಂದೀನ್ನ ಹೆಂಗ ನೋಡಲಿ ಅಕ್ಕಾರ?” ನನಗ ಬೈಲಿಕ್ಕೆ ಬಾಯಿ ಬರಲಿಲ್ಲ. ಆಕೀನೂ ನನ್ನಂಗ ದಣದಾಕಿ. ನಾ ರಟ್ಟಿ ಹಿಡದು ಎಳದಿದ್ದೆ, ಆಕಿ ಗುಳಿಗಿ ಕೊಟ್ಟಿದ್ಳು. ನಾ ಮೌಶೀನ್ನ ಒಂದು ದಣದ ಕೈಯಿಂದ ಬಿಡಿಸಿ ಇನ್ನೊಂದು ದಣದ ಕೈಗೆ ಕೊಟ್ಟು ಬಂದಿದ್ದೆ, ಅಷ್ಟ.

ಅದಕ್ಕ ನನ್ನ ಮಾತು ಒಂದ. ಹಿರೇರ ಸಲುವಾಗಿ ಮನಿ ನೋಡೂ ಮುಂದ ಕಟ್ಟಡಾ ನೋಡಬ್ಯಾಡ್ರಿ, ಬಾಯಿಮಾತು ನಂಬಬ್ಯಾಡ್ರಿ, ರಾತ್ರಿ ನೋಡ್ರಿ. ಎರಡು ಗಂಟೇಕ್ಕ ಯಾರು ಏಳ್ತಾರ? ಅವ್ರು ಎಷ್ಟು ಮಂದಿ? ಮರುದಿವ್ಸ ಅವ್ರಿಗೆ ಮಲಗಲಿಕ್ಕೆ ಸಿಗ್ತದೋ ಇಲ್ಲೋ? ಈ ಮೂರಕ್ಕ ನೆಟ್ಟಗ ಉತ್ತರ ಬಂದ್ರ ಉಳಿದದ್ದು ಬಹಳಷ್ಟು ತಾನ ಸರಿ ಇರ್ತದ.

ಎರಡನೇ ಸಲ ಹುಡುಕಿದಾಗ ಹಂಗ ಮಾಡಿದಿವಿ. ಒಂದಕ್ಕ ಹೋದಿವಿ, ನಲವತ್ತು ಮಂದಿ, ಗೋಡಿ ಗೋಡಿಗೂ ಕ್ಯಾಮೆರಾ. “ರಾತ್ರಿ ವಾಚಮನ್ ಇರ್ತಾನ್ರಿ, ಎಲ್ಲಾ ಕ್ಯಾಮೆರಾದಾಗ ಕಾಣ್ತದ” ಅಂದ್ರು. ಕ್ಯಾಮೆರಾ ಬೀಳೂದನ್ನ ನೋಡ್ತದ, ಬಿದ್ದವ್ರನ್ನ ಎಬ್ಬಸಂಗಿಲ್ಲ. ಇನ್ನೊಂದರಾಗ ಸಂಜಿ ಆರರ ಮ್ಯಾಲೆ ಯಾರನ್ನೂ ಒಳಗ ಬಿಡಂಗಿಲ್ಲ ಅಂದ್ರು. ಯಾಕ ಅಂದ್ರ, ನಿಯಮ. ಮೂರನೇದು ಓಣ್ಯಾಗಿನ ಹಳೇ ಮನಿ, ಒಂಬತ್ತು ಮಂದಿ. ಗೋಡಿ ಸುಣ್ಣ ಉದರೇದ, ಹೊರಗ ಬಾಗ ಇಲ್ಲ. ರಾತ್ರಿ ಎಂಟೂವರಿಗೆ ಹೇಳದ ಹೋಗಿದ್ದಿವಿ. ಬಾಗಲಾ ತಗದ್ರು. “ರಾತ್ರಿ ಯಾರಿರ್ತಾರ?” ಅಂತ ಕೇಳಿದ್ರ ನಡಸೂ ಬಾಯಿ ಏನೂ ಹೇಳಲಿಲ್ಲ, ಒಂದು ನೂರು ಹಾಳಿ ನೋಟುಬುಕ್ಕು ತಂದು ಮುಂದ ಇಟ್ಟ್ರು. ಅದರಾಗ ವಂಕು ಟಿಂಕು ಅಕ್ಷರದಾಗ ಬರದಿತ್ತು: ‘2-10, ಕಿಡಕೀ ಹತ್ರದ ಅಜ್ಜಿ ಎದ್ರು. ಚಾದರ ಬದಲಿ. ನೀರು ಅರ್ಧಾ ಲೋಟ. ಎಡಕ್ಕ ಹೊಳ್ಳಿಸಿ ಮಲಗಿಸಿದೆ.’ ಕೆಳಗ ಇನ್ನೊಂದು ಸಾಲು, 4-15ರದು. ಇಬ್ಬರು ಹುಡುಗ್ಯಾರು ಪಾಳಿ ಹಚ್ಚಿಕೊಂಡು ರಾತ್ರಿ ಎಚ್ಚರ ಇರ್ತಾರ, ಹಗಲಿ ಮಲಗ್ತಾರ, ಹಗಲಿ ಕೆಲಸಕ್ಕ ಬ್ಯಾರೆಯವ್ರು. ಅಕ್ಕ ನನ್ನ ಮುಖಾ ನೋಡಿದ್ಳು, ನಾ ಆಕೀ ಮುಖಾ ನೋಡಿದೆ. ತಿಂಗಳಿಗೆ 17,000 ಅಂದ್ರು. ಐದು ಸಾವಿರ ಹೆಚ್ಚು. ಆ ಐದು ಸಾವಿರ ಅನ್ನೋದು ರಾತ್ರಿ ಪಗಾರ. ಎಲ್ಲೆ ಭಾಳ ಕಡಿಮಿ ಅಂತಾರೋ ಅಲ್ಲೆ ಯಾವುದೋ ಒಂದು ಪಾಳಿ ಖಾಲಿ ಇರ್ತದ ಅಂತ ತಿಳಕೋರಿ.

ಆದ್ರೂ ಲಗೂನ ಹೂಂ ಅನ್ನಲಿಲ್ಲ. ಒಂದು ದಿವ್ಸ ನಸಿಕ್ಲೆ ಐದೂವರಿಗೆ ಹೋದಿವಿ, ಒಂದು ದಿವ್ಸ ಮಧ್ಯಾಹ್ನ ಊಟದ ಹೊತ್ತಿಗೆ. ಈಗ ಯಾರರೆ ಕೇಳಿದ್ರ ಇದನ್ನ ಹೇಳ್ತೀನಿ: ಮೂರು ಸಲ ಹೋಗ್ರಿ, ಮೂರು ಬ್ಯಾರೆ ಹೊತ್ತಿನ್ಯಾಗ ಹೋಗ್ರಿ, ಒಮ್ಮೆರೆ ಹೇಳದ ಹೋಗ್ರಿ.

ಹೋದಾಗ ಮಾತಾಡೂ ಅಜ್ಜೀನ್ನ ಅಲ್ಲ, ಮಾತಾಡಲಾರದ ಅಜ್ಜೀನ್ನ ನೋಡ್ರಿ. ಗಟ್ಟಿ ಇದ್ದವ್ರು ಬೇಕಾದ್ದು ಕೇಳಿ ತಗೋತಾರ. ಮೂಲ್ಯಾಗ ಮಲಗಿದಾಕಿ ಉಗುರು ಹೆಂಗ ಅವ, ಬಾಯಿ ಒಣಗೇದೋ ಏನು, ಹಿಮ್ಮಡ ಕೆಂಪಾಗೇದೋ ಏನು, ನೀರಿನ ಲೋಟ ಆಕೀ ಕೈಗೆ ಹತ್ತೂ ಹಂಗ ಇಟ್ಟಾರೋ ಇಲ್ಲೋ ನೋಡ್ರಿ. ನಾಳೆ ನಮ್ಮವ್ರೂ ಅದ ಮೂಲಿಗೆ ಹೋಗೋರು. ಹಾಸಗಿ ಹಿಡದವ್ರನ್ನ ಎರಡೆರಡು ತಾಸಿಗೊಮ್ಮೆ ಹೊಳ್ಳಿಸಬೇಕು. ಎಲುಬು ಹತ್ತೂ ಜಾಗಾದಾಗ ಚರ್ಮ ಕೆಂಪಾಗಿ, ಬೆರಳಿಂದ ಒತ್ತಿದ್ರೂ ಆ ಕೆಂಪು ಹೋಗದಿದ್ರ ಹುಣ್ಣಿನ ಸುರುವಾತು ಅಂತ ಅರ್ಥ. ಇದು ನನಗ ಮೊದಲ ಗೊತ್ತಿದ್ರ ಮೌಶಿ ಎರಡೂವರಿ ತಿಂಗಳು ಪಟ್ಟಿ ಕಟ್ಟಿಸ್ಕೋತ ಇರ್ತಿರಲಿಲ್ಲ.

ಊಟ ಮಾಡಸೂದು ನೋಡ್ರಿ. ಮಲಗಿಸಿ ಬಾಯಾಗ ಹಾಕ್ತಾರೋ, ನೆಟ್ಟಗ ಕೂಡಿಸಿ ಉಣಿಸಿ, ಅರ್ಧಾ ತಾಸು ಕೂಡಿಸೇ ಇಡ್ತಾರೋ? ಮಲಗಿ ಉಣಿಸಿದ್ರ ಅನ್ನ ನೆತ್ತಿಗೇರಿ ಪುಪ್ಪಸಕ್ಕ ಹೋಗ್ತದ. ಹಲ್ಲಿಲ್ಲದವ್ರಿಗೆ ಹಾಲಾಗ ಭಕ್ಕರಿ ನೆನಸಿ ಕೊಡ್ತಾರೋ, ಎಲ್ಲಾರಿಗೂ ಒಂದ ತಾಟು ಇಟ್ಟು ಹೋಗ್ತಾರೋ? ಬಚ್ಚಲದಾಗ ಹಿಡಕೊಳ್ಳಿಕ್ಕೆ ರಾಡ್ ಅದ ಏನು, ಕಮೋಡ್ ಅದ ಏನು, ಒಳಗಿಂದ ಚಿಲಕಾ ಹಾಕ್ಕೊಂಡ್ರ ಹೊರಗಿಂದ ತಗೀಲಿಕ್ಕೆ ಬರ್ತದ ಏನು? ರಾತ್ರಿ ಗೇಟಿಗೆ ಕೀಲಿ ಹಾಕಿದ್ರ ಆ ಕೀಲಿ ಯಾರ ಕಡೆ ಇರ್ತದ, ಬೆಂಕಿ ಗಿಂಕಿ ಆದ್ರ ಹೆಂಗ?

ಗುಳಿಗಿ ಪಟ್ಟಿ ಕೇಳ್ರಿ, ಪ್ರತಿಯೊಂದು ಗುಳಿಗಿ ಯಾವ ಡಾಕ್ಟರು ಬರದದ್ದು ಅಂತ ಚೀಟಿ ನೋಡ್ರಿ. ನಿದ್ದಿ ಗುಳಿಗಿ ಇದ್ರ ನಿಮ್ಮ ಡಾಕ್ಟರಿಗೆ ತೋರಸ್ರಿ. ಅದನ್ನ ತಗೊಂಡ ವಯಸ್ಸಾದವ್ರು ಅರೆಮಂಪರಿನ್ಯಾಗ ಎದ್ದು ಬೀಳೂದು ಹೆಚ್ಚು. ಇನ್ನೊಂದು ಮಾತು. ನಿನ್ನೆತನಕ ಸರಿ ಇದ್ದವ್ರು ಒಮ್ಮಿಂದೊಮ್ಮೆ ಬಡಬಡಸಲಿಕ್ಕೆ ಸುರು ಮಾಡಿದ್ರ “ಮರೆವು ಹೆಚ್ಚಾತು” ಅಂತ ಸುಮ್ಮನ ಕೂಡಬಾರದು. ಮೂತ್ರದ ಸೋಂಕು ಆದ್ರೂ, ಮೈಯಾಗ ನೀರು ಕಡಿಮಿ ಆದ್ರೂ ಹಂಗಾಗ್ತದ, ಔಷಧ ಕೊಟ್ರ ಇಳೀತದ. ಮನಿ ನಡಸೋರಿಗೆ ಇದು ಗೊತ್ತದೋ ಇಲ್ಲೋ ಮಾತಿಗೆ ಮಾತು ತಗದು ಕೇಳ್ರಿ.

ಇನ್ನ ಸಣ್ಣ ಮನಿ ಛಲೋನೋ ದೊಡ್ಡದು ಛಲೋನೋ ಅಂತ ಎಲ್ಲಾರೂ ಕೇಳ್ತಾರ. ನಾ ಈಗೂ ಸಣ್ಣದರ ಕಡೇನ. ಒಂಬತ್ತು ಮಂದಿ ಇದ್ದಲ್ಲೆ ಯಾರಿಗೆ ಚಹಾಕ್ಕ ಸಕ್ರಿ ಬ್ಯಾಡ, ಯಾರು ಶನಿವಾರ ಒಪ್ಪತ್ತು, ಯಾರಿಗೆ ಎಡಗಿವಿ ಕೇಳಂಗಿಲ್ಲ ಅನ್ನೋದು ಅಡಗಿಯಾಕಿಗೂ ಗೊತ್ತಿರ್ತದ. ನಲವತ್ತು ಮಂದ್ಯಾಗ ಖೋಲಿ ನಂಬರ್ ಆಗ್ತಾರ. ಆದ್ರ ಸಣ್ಣದು ಅನ್ನೋದನ್ನ ನೋಡಿ ಮೋಸ ಹೋಗಬ್ಯಾಡ್ರಿ. ಸಣ್ಣ ಮನ್ಯಾಗ ಒಬ್ಬಾಕಿ ಊರಿಗೆ ಹೋದ್ರ ಎಲ್ಲಾ ನಿಂತು ಹೋಗ್ತದ, ತಪ್ಪಾದ್ರ ನೋಡೋರು ಇರಂಗಿಲ್ಲ. ಅದಕ್ಕ “ನಿಮಗ ಜ್ವರಾ ಬಂದ್ರ ಇಲ್ಲೆ ಯಾರು ನೋಡ್ತಾರ?” ಅಂತ ನಡಸೋರನ್ನ ಕೇಳ್ರಿ. ಸಿಟ್ಟಿಗೆದ್ರ ತಿಳಕೋರಿ, ಉತ್ತರ ಇಲ್ಲ.

ರೊಕ್ಕದ ಮಾತು ಬಾಯಿಮಾತಿನ್ಯಾಗ ಬಿಡಬ್ಯಾಡ್ರಿ, ಕಾಗದದಾಗ ಬರಸ್ರಿ. ಡಿಪಾಜಿಟ್ ಎಷ್ಟು, ಯಾವಾಗ ಹೊಳ್ಳಿ ಕೊಡ್ತಾರ, ಡೈಪರ್, ಡಾಕ್ಟರು, ಫಿಜಿಯೋ ಇವು ತಿಂಗಳ ರೊಕ್ಕದಾಗ ಬಂದಾವೋ ಬ್ಯಾರೇನೋ, ದವಾಖಾನಿಗೆ ಒಯ್ಯೂದಾದ್ರ ಯಾವುದಕ್ಕ, ಅಲ್ಲೆ ರಾತ್ರಿ ಯಾರು ಕೂಡೋರು. ಕಡೀ ಮಾತೂ ಕೇಳಿ ಇಡ್ರಿ. ಜೀವಾ ಹೋದ್ರ ಯಾರಿಗೆ ಮದ್ಲ ಫೋನ್ ಮಾಡ್ತಾರ, ನಾವು ಹೋಗಿ ಮುಟ್ಟೂತನಕ ಇಟ್ಕೋತಾರ ಏನು ಅಂತ. ಕೇಳೂ ಮುಂದ ಗಂಟಲಾ ಕಟ್ಟತದ ಖರೇ, ಆದ್ರ ಅವತ್ತ ಕೇಳೂದಕ್ಕಿಂತ ಇವತ್ತ ಕೇಳೂದು ಹಗರ. ಮೌಶಿ ಪಿಂಚಣಿ ಆಕೀ ಖಾತೇಕ್ಕ ಬರ್ತದ, ಎಟಿಎಂ ಕಾರ್ಡ್ ನಾವು ಅಲ್ಲೆ ಕೊಟ್ಟಿಲ್ಲ. ನವೆಂಬರ್ ಬಂತಂದ್ರ ಜೀವಂತ ಪ್ರಮಾಣಪತ್ರದ ಕೆಲಸ ಅಕ್ಕಂದು. ಕಮ್ಮಿ ಬಿದ್ದ ರೊಕ್ಕ ಅಣ್ಣ ತಿಂಗಳಾ ಒಂದನೇ ತಾರೀಖಿಗೆ ಹಾಕ್ತಾನ. ಬಂಗಾರ ಏನೂ ಮೈಮ್ಯಾಲೆ ಬಿಡಲಿಲ್ಲ.

ಕಾನೂನೂ ಚೂರು ತಿಳಕೊಂಡಿರ್ರಿ, ಜಗಳಾಕ್ಕಲ್ಲ, ಧೈರ್ಯಾಕ್ಕ. 2007ರಾಗ ತಂದಿತಾಯಿ ಮತ್ತ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಬಂದದ. 60 ದಾಟಿದವ್ರೆಲ್ಲಾ ಅದರಾಗ ಬರ್ತಾರ. ಮಕ್ಕಳಿಲ್ಲದವ್ರಿದ್ರ ಅವ್ರ ಆಸ್ತಿ ಯಾರಿಗೆ ಬರೂದದನೋ ಆ ಸಂಬಂಧಿಕರೂ ನೋಡ್ಕೋಬೇಕು ಅಂತದ. ನಮ್ಮ ರಾಜ್ಯದಾಗ ಇದರ ದೂರು ಕೇಳೋರು ಉಪವಿಭಾಗಾಧಿಕಾರಿ. ನೋಡ್ಕೊಳ್ಳೂ ಜವಾಬ್ದಾರಿ ಇದ್ದವ್ರು ಹಿರೇರನ್ನ ಎಲ್ಲೆರೆ ಬಿಟ್ಟು ಕೈತೊಳಕೊಂಡ್ರ 3 ತಿಂಗಳ ತನಕ ಜೇಲು, ಇಲ್ಲಾ 5,000ದ ತನಕ ದಂಡ, ಇಲ್ಲಾ ಎರಡೂ. ಆಸ್ತಿ ಬರದು ಕೊಡೂ ಹಿರೇರು ‘ನನ್ನನ್ನ ನೋಡ್ಕೋಬೇಕು’ ಅನ್ನೋ ಮಾತು ಆ ಕಾಗದದಾಗ ಹಾಕಿಸ್ರಿ. ನೋಡ್ಕೊಳ್ಳದಿದ್ರ ಕಾಗದ ರದ್ದು ಮಾಡಸಲಿಕ್ಕೆ ಅದರಿಂದ ಬಲ ಬರ್ತದ. ಏನರೆ ತ್ರಾಸಾದ್ರ 14567 ಅಂತ ಹಿರೇರ ಸಹಾಯವಾಣಿ ಅದ, ಮುಂಜಾನೆ 8ರಿಂದ ರಾತ್ರಿ 8ರ ತನಕ.

ಇಷ್ಟೆಲ್ಲಾ ಕೇಳಿದಿವಿ, ಒಬ್ಬಾಕೀನ್ನ ಕೇಳೂದು ಮಾತ್ರ ಮದ್ಲ ಮರತಿದ್ದಿವಿ. ಮೌಶೀನ್ನ. ಮರೆವಿನವ್ರಿಗೂ ಕೆಲವು ಮುಂಜಾನೆ ಮೋಡ ಸರದಂಗ ಆಗ್ತದ. ಅಂಥಾ ಒಂದು ಮುಂಜಾನೆ ಅಕ್ಕ ಕೂಡಿಸಿ ಹೇಳಿದ್ಳು, “ಮೌಶಿ, ನನ್ನ ಕಡೆ ಆಗವಲ್ದು, ತಂಗಿ ನಡಾ ಹೋಗೇದ. ಒಂದು ಮನಿ ನೋಡೇವಿ, ಅಲ್ಲೆ ಇರ್ತಿ ಏನು?” ಮೌಶಿ ಭಾಳ ಹೊತ್ತು ಕಿಡಕಿ ಕಡೆ ನೋಡಿದ್ಳು. “ಇರ್ತೀನಿ. ಸೀರಿ ಉಟ್ಕೊಳ್ಳಿಕ್ಕೆ ಬಿಡ್ತಾರ ಏನು ಕೇಳ್ರಿ” ಅಂದ್ಳು. ಅಷ್ಟ. ನಡಸೂ ಬಾಯಿಗೆ ಹೇಳಿದಿವಿ. ಹಳೇ ಮೆತ್ತನ ನೂಲಿನ ಸೀರಿ ಅರ್ಧಾ ಮಾಡಿ ಹೊಲದು, ಲಾಡಿ ಹಚ್ಚಿ ಕೊಟ್ಟೇನಿ. ಉಡಸಲಿಕ್ಕೆ ಎರಡು ನಿಮಿಷ ಸಾಕು. ಕೂದ್ಲಾ ಬೆಳದಾವ, ಸಣ್ಣ ಜಡಿ ಬರ್ತದ. ವಾರಕ್ಕ ಎರಡು ಸಲ ನಾ ಹೋಗಿ ಹೆಣೀತೀನಿ.

ಇಟ್ಟ್ರ ಕೆಲಸ ಮುಗೀತು ಅಂತ ತಿಳಕೋಬ್ಯಾಡ್ರಿ, ಕೆಲಸ ಬ್ಯಾರೆ ಆಗ್ತದ ಅಷ್ಟ. ಮಂಗಳವಾರ, ಶುಕ್ರವಾರ ನಾನು, ಗುರುವಾರ ಅಕ್ಕ, ಐತವಾರ ಅಣ್ಣನ ವಿಡಿಯೋ ಕಾಲ್. ಹೊತ್ತು ಮಾತ್ರ ಹೇಳಂಗಿಲ್ಲ, ಒಮ್ಮೆ ಮುಂಜಾನೆ, ಒಮ್ಮೆ ರಾತ್ರಿ. ಹೋದಾಗ ಮೈ ನೋಡ್ತೀವಿ, ನೋಟುಬುಕ್ಕು ನೋಡ್ತೀವಿ, ಯಾರೂ ಬರದ ಬಾಜೂ ಹಾಸಗಿ ಅಜ್ಜಿ ಜೋಡಿ ಎರಡು ಮಾತಾಡ್ತೀವಿ. ರಾತ್ರಿ ಪಾಳಿ ಹುಡುಗ್ಯಾರ ಹೆಸರು ಗೊತ್ತದ, ಪಂಚಮಿಗೆ ಅವ್ರಿಗೂ ಉಂಡಿ ಒಯ್ದಿದ್ದೆ. ಅವ್ರ ಕೈ ಮೆತ್ತಗಿದ್ರ ನಮ್ಮ ಮೌಶಿ ಮೈ ಮೆತ್ತಗ.

ಎಲ್ಲಾ ಸರಿ ಆಗೇದ ಅಂತ ಹೇಳಂಗಿಲ್ಲ. ಕೆಲವು ದಿವ್ಸ “ಮನಿಗೆ ಕರಕೊಂಡು ಹೋಗು” ಅಂತ ಸೆರಗು ಹಿಡೀತಾಳ. ಯಾವ ಮನಿ ಅಂದ್ರ 60 ವರ್ಷದ ಹಿಂದಿನ ತವರಮನಿ, ಅದು ಬಿದ್ದು ಹೋಗೇದ. ಬಸ್ಸಿನ್ಯಾಗ ಕೂತು ಬರೂ ಮುಂದ ಹೊಟ್ಟ್ಯಾಗ ಕಲ್ಲಿಟ್ಟಂಗ ಆಗ್ತದ. ಆದ್ರ ಈ ಎಂಟು ತಿಂಗಳದಾಗ ಆಕೀ ರಟ್ಟಿ ಮ್ಯಾಲೆ ಯಾರ ಬೆರಳಿನ ಗುರುತೂ ಮೂಡಿಲ್ಲ. ನಂದೂ ಇಲ್ಲ.

ಮೊನ್ನೆ ಇನ್ನೊಂದು ಆತು. ನಮ್ಮತ್ತಿಯವ್ರು ಅಕ್ಕಿ ಹಸನ ಮಾಡಿಕೋತ, ಮರದಿಂದ ಕಣ್ಣು ಎತ್ತದ ಅಂದ್ರು: “ನನ್ನನ್ನೂ ಒಂದು ದಿವ್ಸ ಇಡೂದು ಬಂದ್ರ, ರಸ್ತಾ ಕಾಣೂ ಕಿಡಕಿ ನೋಡು. ಮತ್ತ ನೀನ ಹೋಗಿ ಆರಸು, ಮಗನ್ನ ಕಳಸಬ್ಯಾಡ, ಅಂವ ಗೋಡಿ ಬಣ್ಣ ನೋಡಿ ಬರ್ತಾನ.” ನನಗ ನಗಿ ಬಂತು, ಕಣ್ಣಾಗ ನೀರೂ ಬಂತು. “ಅಂಥಾ ದಿವ್ಸ ಬರೂದು ಬ್ಯಾಡ ಬಿಡ್ರಿ” ಅನ್ನಲಿಕ್ಕೆ ಬಾಯಿ ತಗದಿದ್ದೆ. ಅನ್ನಲಿಲ್ಲ. “ಆತ್ರಿ, ಕಿಡಕಿ. ಮತ್ತೇನು?” ಅಂತ ಕೇಳಿದೆ. ಇನ್ನೂ ಮೂರು ಹೇಳಿದ್ರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳ್ಯಾಗ ಬರದು ಇಟ್ಟೇನಿ. ನಿಮ್ಮ ಮನ್ಯಾಗಿನ ಹಿರೇರಿಗೆ ಮಾತು ಇರೂತನಕ ನೀವೂ ಕೇಳಿ ಬರದು ಇಡ್ರಿ. ಇಡೂದು ಬರ್ತದೋ ಇಲ್ಲೋ, ಅವ್ರಿಗೆ ಏನು ಬೇಕು ಅನ್ನೋದು ಗೊತ್ತಿರ್ತದ.

ಇನ್ನ ಬಾಜೂಮನಿ ವೈನಿ ಕೇಳಿದ್ದಕ್ಕ ಏನು ಹೇಳಿದೆ ಅಂದ್ರಿ? ಅವರೀಕಾಯಿ ಬುಟ್ಟಿ ಈಚೀಕಡೆ ಸರಿಸಿ, ಓಣಿಗೆಲ್ಲಾ ಕೇಳೂ ಹಂಗ ಹೇಳಿದೆ: “ಛಲೋ ಅದ ಅಂತ ನಾ ಹೇಳಂಗಿಲ್ರಿ ವೈನಿ, ನೀವ ಬಂದು ನೋಡ್ರಿ. ಶುಕ್ರವಾರ ರಾತ್ರಿ ಎಂಟೂವರಿಗೆ ಹೋಗೂಣು. ನಿಮ್ಮ ಅತ್ತಿಯವ್ರನ್ನೂ ಕೇಳ್ರಿ, ಬರ್ತೀನಿ ಅಂದ್ರ ಕರಕೊಂಡು ಬರ್ರಿ.”